ಪೈಥಾನ್ ಟಿಕಿಂಟರ್‌ನಲ್ಲಿ ಸೆಟ್ಟಿಂಗ್ಸ್ ವಿಂಡೋ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತಮ್ಮ ಕೆಲಸಕ್ಕೆಂದು ಪೈಥಾನ್‌ನಲ್ಲಿ ಪುಟ್ಟ ತಂತ್ರಾಂಶವೊಂದನ್ನು ಬರೆದುಕೊಂಡವರು ಅದನ್ನು ಇನ್ನೊಬ್ಬರ ಕೈಗೆ ಕೊಡುವ ಹೊತ್ತಿಗೆ ಸೆಟ್ಟಿಂಗ್ಸ್ ವಿಂಡೋ ಬೇಕಾಗುತ್ತದೆ. ಅಲ್ಲಿಯವರೆಗೆ ಕೋಡ್‌ನ ಮೊದಲ ಹತ್ತು ಸಾಲುಗಳಲ್ಲಿ ಬರೆದಿಟ್ಟಿದ್ದ ಫೋಲ್ಡರ್ ಹೆಸರು, ಅಕ್ಷರದ ಗಾತ್ರ ಮುಂತಾದವನ್ನು ಕೋಡ್ ಮುಟ್ಟದವರೂ ಬದಲಾಯಿಸುವಂತಿರಬೇಕು. ಈ ಪುಟದ ಉತ್ತರಗಳಿಗೆಲ್ಲ ಒಂದೇ ಉದಾಹರಣೆಯನ್ನು ಇಟ್ಟುಕೊಂಡಿದ್ದೇನೆ: ನುಡಿ ಎನ್‌ಕೋಡಿಂಗ್‌ನಲ್ಲಿರುವ ಹಳೆಯ ಕಡತಗಳನ್ನು ಯುನಿಕೋಡ್‌ಗೆ ಬದಲಾಯಿಸುವ ಪರಿವರ್ತಕ. ಟಿಕಿಂಟರ್ ಎಂದರೆ ವಿಂಡೋ, ಗುಂಡಿ, ಪೆಟ್ಟಿಗೆಗಳನ್ನು ಮಾಡಲು ಪೈಥಾನ್‌ನೊಂದಿಗೆ ಬರುವ ಪರಿಕರ; ಅದರ ಅಡಿಯಲ್ಲಿ ನಿಜವಾಗಿ ಅವನ್ನು ಬಿಡಿಸುವುದು ಟಿಕೆ. ಪೈಥಾನ್ 3 ಮತ್ತು ಟಿಕೆ 8.6 ಆವೃತ್ತಿಗಳನ್ನು ಗಮನದಲ್ಲಿಟ್ಟು ಬರೆದಿದೆ. ಆದೇಶಗಳ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದೆ. ಕೋಡ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪಿಸಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಸೆಟ್ಟಿಂಗ್ಸ್ ವಿಂಡೋ ನಿಜಕ್ಕೂ ಬೇಕೇ?

ಆಯ್ಕೆಗಳು ಒಂದೆರಡೇ ಇದ್ದರೆ ಬೇಡ. ಮುಖ್ಯ ವಿಂಡೋದಲ್ಲೇ ಒಂದು ಟಿಕ್ ಪೆಟ್ಟಿಗೆ ಸಾಕು. ಹೆಚ್ಚಿದ್ದರೂ, ಪ್ರತಿಯೊಂದು ಆಯ್ಕೆಯನ್ನು ಸೇರಿಸುವ ಮೊದಲು ಅದು ಬಳಸುವವರ ಅಗತ್ಯವೋ, ನಾವು ಮಾಡಬೇಕಾಗಿದ್ದ ತೀರ್ಮಾನವನ್ನು ಅವರ ತಲೆಗೆ ಕಟ್ಟುತ್ತಿರುವುದೋ ಎಂದು ಕೇಳಿಕೊಳ್ಳಬೇಕು. ನನ್ನ ಪರಿವರ್ತಕದ ಮೊದಲ ಆವೃತ್ತಿಯಲ್ಲಿ ‘ರಾಜ್‌ಕುಮಾರ್’ ಎಂಬಲ್ಲಿ ಅರ್ಧಾಕ್ಷರವನ್ನು ಬಿಡಿಯಾಗಿ ನಿಲ್ಲಿಸುವ, ಕಣ್ಣಿಗೆ ಕಾಣದ ಯುನಿಕೋಡ್ ಸಂಕೇತವನ್ನು ಉಳಿಸಬೇಕೇ ತೆಗೆಯಬೇಕೇ ಎಂಬ ಆಯ್ಕೆಯಿತ್ತು. ತೆಗೆದರೆ ಆ ಹೆಸರು ‘ರಾಜ್ಕುಮಾರ್’ ಎಂದಾಗುತ್ತದೆ, ಹಾಗಾಗುವುದು ಯಾರಿಗೂ ಬೇಡ. ಆ ಆಯ್ಕೆಯನ್ನು ತೆಗೆದುಹಾಕಿದೆ. ಅಂಕಿಗಳ ಆಯ್ಕೆಯ ವಿಷಯ ಬೇರೆ: ಕನ್ನಡದಲ್ಲಿ ೧೨೩ ಎಂದು ಬರೆಯುವವರೂ 123 ಎಂದು ಬರೆಯುವವರೂ ಇದ್ದಾರೆ, ಎರಡೂ ಸರಿ, ಆದ್ದರಿಂದ ಅದು ಉಳಿಯಿತು.

ಕೆಲಸವನ್ನು ಎಲ್ಲಿಂದ ಪ್ರಾರಂಭಿಸಬೇಕು? ವಿಂಡೋ ಬಿಡಿಸುವುದರಿಂದಲೇ?

ಅಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ. ಮೊದಲು ಎಲ್ಲ ಆಯ್ಕೆಗಳ ಹೆಸರು ಮತ್ತು ಮೂಲ ಬೆಲೆಗಳನ್ನು (ಡೀಫಾಲ್ಟ್ ವ್ಯಾಲ್ಯೂ) ಒಂದು ಡಿಕ್ಷನರಿಯಲ್ಲಿ, ಅಂದರೆ ಹೆಸರು ಮತ್ತು ಬೆಲೆಗಳ ಜೋಡಿಗಳನ್ನು ಇಡುವ ಪೈಥಾನ್ ರಚನೆಯಲ್ಲಿ, ಬರೆಯಿರಿ. ಅದನ್ನು ಕಡತದಿಂದ ಓದುವ ಒಂದು ಫಂಕ್ಷನ್, ಕಡತಕ್ಕೆ ಬರೆಯುವ ಇನ್ನೊಂದು ಫಂಕ್ಷನ್ ಮಾಡಿ. ವಿಂಡೋ ಇಲ್ಲದೆಯೇ ಇವು ಕೆಲಸ ಮಾಡುತ್ತವೆಯೇ ಎಂದು ನೋಡಿ. ಸೆಟ್ಟಿಂಗ್‌ಗಳ ಮನೆ ಆ ಡಿಕ್ಷನರಿ. ವಿಂಡೋ ಎಂಬುದು ಆ ಮನೆಗೆ ಇಟ್ಟ ಬಾಗಿಲು ಮಾತ್ರ. ಪರಿವರ್ತನೆ ಮಾಡುವ ಕೋಡ್ ಎಂದಿಗೂ ಟಿಕ್ ಪೆಟ್ಟಿಗೆಯನ್ನು ಕೇಳಬಾರದು, ಡಿಕ್ಷನರಿಯನ್ನು ಕೇಳಬೇಕು. ಹೀಗಿದ್ದರೆ ನಾಳೆ ಟಿಕಿಂಟರ್ ಬಿಟ್ಟು ಬೇರೆ ಪರಿಕರಕ್ಕೆ ಹೋದರೂ, ವಿಂಡೋ ಇಲ್ಲದೆ ಟರ್ಮಿನಲ್‌ನಿಂದಲೇ ಓಡಿಸಿದರೂ ಒಳಗಿನ ಕೋಡ್ ಬದಲಾಗುವುದಿಲ್ಲ. ಮುಂದಿನ ಪ್ರಶ್ನೆಗಳಲ್ಲಿ ಹಲವು ಈ ಒಂದು ವಿಂಗಡಣೆಯನ್ನು ಮಾಡದಿರುವುದರಿಂದಲೇ ಹುಟ್ಟುವಂಥವು.

ಸೆಟ್ಟಿಂಗ್ಸ್ ವಿಂಡೋದಲ್ಲಿ ಟಿಕ್ ಹಾಕಿದರೂ ಕೋಡ್‌ಗೆ ಅದು ಗೊತ್ತೇ ಆಗುವುದಿಲ್ಲ. ಏಕೆ?

ಬಹುಶಃ ಎರಡನೇ ವಿಂಡೋವನ್ನೂ ‘ಟಿಕೆ’ ಎಂಬ ಕ್ಲಾಸಿನಿಂದಲೇ ತೆರೆದಿದ್ದೀರಿ. ಟಿಕಿಂಟರ್‌ನ ಹಿಂದೆ ಟಿಸಿಎಲ್ ಎಂಬ ಇನ್ನೊಂದು ಸ್ಕ್ರಿಪ್ಟ್ ಭಾಷೆಯ ಇಂಟರ್‌ಪ್ರಿಟರ್ ಓಡುತ್ತಿರುತ್ತದೆ, ಮತ್ತು ‘ಟಿಕೆ’ ಎಂದು ಕರೆದಾಗಲೆಲ್ಲ ಹೊಸದೊಂದು ಇಂಟರ್‌ಪ್ರಿಟರ್ ಹುಟ್ಟುತ್ತದೆ. ಯಾರ ಅಡಿಯಲ್ಲಿರಬೇಕೆಂದು ಹೇಳದೆ ಮಾಡಿದ ಬೂಲಿಯನ್‌ವಾರ್ (ಹೌದು ಅಥವಾ ಅಲ್ಲ ಎಂಬುದನ್ನು ಹಿಡಿದಿಡುವ ಟಿಕಿಂಟರ್ ಚರ, ಅಂದರೆ ವೇರಿಯಬಲ್) ಮೊದಲನೆಯ ಇಂಟರ್‌ಪ್ರಿಟರ್‌ಗೆ ಅಂಟಿಕೊಳ್ಳುತ್ತದೆ. ಟಿಕ್ ಪೆಟ್ಟಿಗೆ ಇರುವುದು ಎರಡನೆಯದರಲ್ಲಿ. ಒಂದೇ ಹೆಸರಿನ ಎರಡು ಚರಗಳು ಎರಡು ಬೇರೆ ಲೋಕಗಳಲ್ಲಿದ್ದು ಪರಸ್ಪರ ಸಂಪರ್ಕವಿಲ್ಲದೆ ಉಳಿಯುತ್ತವೆ. ಯಾವ ದೋಷ ಸಂದೇಶವೂ ಬಾರದಿರುವುದೇ ಇದರ ಕಷ್ಟ. ಇಡೀ ತಂತ್ರಾಂಶದಲ್ಲಿ ‘ಟಿಕೆ’ ಒಂದೇ ಬಾರಿ ಬರಬೇಕು. ಉಳಿದ ವಿಂಡೋಗಳನ್ನೆಲ್ಲ ಟಾಪ್‌ಲೆವೆಲ್ ಎಂಬ ಕ್ಲಾಸಿನಿಂದ ತೆರೆಯಬೇಕು.

ಟಿಕ್ ಪೆಟ್ಟಿಗೆಯಲ್ಲಿ ಟಿಕ್ ಇಲ್ಲ, ಖಾಲಿಯೂ ಅಲ್ಲ. ತುಂಬಿದ ಚೌಕವೋ ಅಡ್ಡಗೆರೆಯೋ ಕಾಣುತ್ತದೆ.

ಟಿಟಿಕೆಯ (ಟಿಕಿಂಟರ್‌ನೊಳಗಿನ ಹೊಸ ರೂಪದ ಘಟಕಗಳ ಗುಂಪು) ಚೆಕ್‌ಬಟನ್, ಅಂದರೆ ಟಿಕ್ ಪೆಟ್ಟಿಗೆ, ತನ್ನ ಚರಕ್ಕೆ ಬೆಲೆಯೇ ಇಲ್ಲದಿದ್ದಾಗ ಆ ರೂಪ ತಾಳುತ್ತದೆ. ಚರವನ್ನು ಫಂಕ್ಷನ್ ಒಳಗಿನ ಸ್ಥಳೀಯ ಹೆಸರಿನಲ್ಲಿ ಇಟ್ಟಿದ್ದರೆ, ಫಂಕ್ಷನ್ ಮುಗಿದೊಡನೆ ಪೈಥಾನ್ ಅದನ್ನು ಕಸವೆಂದು ಗುಡಿಸಿಹಾಕುತ್ತದೆ, ಟಿಸಿಎಲ್ ಬದಿಯಲ್ಲಿದ್ದ ಚರವೂ ಅದರೊಡನೆ ಅಳಿಯುತ್ತದೆ. ಚರಗಳನ್ನು ‘ಸೆಲ್ಫ್’ನ ಅಡಿಯಲ್ಲಿ ಅಥವಾ ವಿಂಡೋ ಇರುವವರೆಗೆ ಉಳಿಯುವ ಒಂದು ಡಿಕ್ಷನರಿಯಲ್ಲಿ ಇಟ್ಟುಕೊಂಡರೆ ತೊಂದರೆ ತೀರುತ್ತದೆ.

ಸೆಟ್ಟಿಂಗ್ಸ್ ತೆರೆದಿರುವಾಗ ಹಿಂದಿನ ಮುಖ್ಯ ವಿಂಡೋವನ್ನು ಬಳಸಲಾಗದಂತೆ ಮಾಡುವುದು ಹೇಗೆ?

ಟಾಪ್‌ಲೆವೆಲ್ ಮಾಡಿದ ಮೇಲೆ ಟ್ರಾನ್ಸಿಯೆಂಟ್ ಎಂಬುದರಿಂದ ಅದು ಮುಖ್ಯ ವಿಂಡೋದ ಮೇಲೆಯೇ ನಿಲ್ಲುವಂತೆ ಮಾಡಿ, ಗ್ರಾಬ್‌ಸೆಟ್‌ನಿಂದ ಮೌಸ್ ಒತ್ತುವಿಕೆಗಳೆಲ್ಲ ಇದಕ್ಕೇ ಬರುವಂತೆ ಮಾಡಿ, ವೇಟ್‌ವಿಂಡೋದಿಂದ ಅದು ಮುಚ್ಚುವವರೆಗೆ ಕಾಯಬೇಕು. ವಿಂಡೋಸ್‌ನಲ್ಲಿ ಸರಿಯಾಗಿ ನಡೆಯುವ ಈ ಕ್ರಮ ಲಿನಕ್ಸ್‌ನಲ್ಲಿ ಕೆಲವೊಮ್ಮೆ ವಿಂಡೋ ಇನ್ನೂ ಕಾಣಿಸುತ್ತಿಲ್ಲವೆಂಬ ದೋಷದೊಂದಿಗೆ ನಿಲ್ಲುತ್ತದೆ. ಗ್ರಾಬ್‌ಸೆಟ್‌ಗೆ ಮೊದಲು ವೇಟ್‌ವಿಸಿಬಿಲಿಟಿ ಕರೆದರೆ ಪರಿಹಾರವಾಗುತ್ತದೆ.

‘ರದ್ದು’ ಒತ್ತಿದರೂ ಬದಲಾವಣೆಗಳು ಉಳಿದುಬಿಡುತ್ತವೆ. ಎಲ್ಲಿ ತಪ್ಪಿದೆ?

ಟಿಕ್ ಪೆಟ್ಟಿಗೆಗಳನ್ನು ನೇರವಾಗಿ ತಂತ್ರಾಂಶ ಬಳಸುತ್ತಿರುವ ಚರಗಳಿಗೇ ಕಟ್ಟಿದ್ದೀರಿ. ಪೆಟ್ಟಿಗೆಯ ಮೇಲೆ ಒತ್ತಿದ ಕ್ಷಣವೇ ಬದಲಾವಣೆ ಆಗಿಹೋಗಿರುತ್ತದೆ; ‘ರದ್ದು’ ಗುಂಡಿಗೆ ಹಿಂದಿನ ಬೆಲೆ ಏನಿತ್ತೆಂದು ತಿಳಿಯುವ ದಾರಿಯೇ ಇಲ್ಲ. ವಿಂಡೋ ತೆರೆಯುವಾಗ ಡಿಕ್ಷನರಿಯ ಬೆಲೆಗಳಿಂದ ಹೊಸ ಚರಗಳನ್ನು ಮಾಡಿ, ಪೆಟ್ಟಿಗೆಗಳನ್ನು ಅವುಗಳಿಗೆ ಕಟ್ಟಿ. ಇದು ಕರಡು ಪ್ರತಿಯಿದ್ದಂತೆ. ‘ಸರಿ’ ಒತ್ತಿದಾಗ ಕರಡಿನಲ್ಲಿರುವುದನ್ನು ಪರೀಕ್ಷಿಸಿ, ಎಲ್ಲವೂ ಸರಿಯಿದ್ದರೆ ಒಟ್ಟಿಗೆ ಡಿಕ್ಷನರಿಗೆ ಬರೆದು, ಕಡತಕ್ಕೆ ಉಳಿಸಿ, ವಿಂಡೋ ಮುಚ್ಚಿ. ‘ರದ್ದು’ ಒತ್ತಿದಾಗ ಮಾಡಬೇಕಾದದ್ದು ವಿಂಡೋ ಮುಚ್ಚುವುದೊಂದೇ. ಕರಡು ಅದರೊಡನೆ ಹೋಗುತ್ತದೆ. ‘ಅನ್ವಯಿಸು’ ಎಂಬ ಮೂರನೆಯ ಗುಂಡಿ ಇದ್ದರೆ ಅದು ‘ಸರಿ’ಯ ಕೆಲಸವನ್ನೇ ವಿಂಡೋ ಮುಚ್ಚದೆ ಮಾಡುತ್ತದೆ, ಆದ್ದರಿಂದ ಎರಡಕ್ಕೂ ಒಂದೇ ಫಂಕ್ಷನ್ ಇರಲಿ.

ವಿಂಡೋದ ಮೂಲೆಯಲ್ಲಿರುವ ಗುಣಾಕಾರದ ಗುರುತೂ ಎಸ್ಕೇಪ್ ಕೀಲಿಯೂ ‘ರದ್ದು’ ಎಂಬುದಕ್ಕೆ ಸಮನಾಗಿರಬೇಕು. ಗುಣಾಕಾರದ ಗುರುತಿಗೆ ಪ್ರೋಟೋಕಾಲ್ ಎಂಬ ವಿಧಾನವನ್ನೂ ಎಸ್ಕೇಪ್‌ಗೆ ಬೈಂಡ್ ಎಂಬುದನ್ನೂ ಬಳಸಿ, ಮೂರನ್ನೂ ಒಂದೇ ಫಂಕ್ಷನ್‌ಗೆ ಕಳಿಸಿ. ಮುಚ್ಚುವ ಗುರುತನ್ನು ‘ಉಳಿಸು’ ಎಂದು ಅರ್ಥ ಮಾಡಿಕೊಳ್ಳುವ ತಂತ್ರಾಂಶಗಳನ್ನು ನಾನು ಕಂಡಿದ್ದೇನೆ. ಏನೋ ಕೈತಪ್ಪಿ ಒತ್ತಿದವರು ಗಾಬರಿಯಿಂದ ಮೊದಲು ಕೈಹಾಕುವುದು ಅದೇ ಗುರುತಿಗೆ ಎಂಬುದನ್ನು ಅವುಗಳನ್ನು ಬರೆದವರು ಯೋಚಿಸಿದಂತಿಲ್ಲ.

ಲೇಬಲ್‌ಗಳು ಕನ್ನಡದಲ್ಲಿದ್ದರೆ ಸಾಲುಗಳು ಏರುಪೇರಾಗುತ್ತವೆ. ಅಗಲವನ್ನು ಎಷ್ಟು ಕೊಡಬೇಕು?

ಅಗಲವನ್ನು ಕೊಡಲೇಬೇಡಿ. ಲೇಬಲ್‌ಗೆ ಕೊಡುವ ಅಗಲವನ್ನು ಟಿಕೆ ಪಿಕ್ಸೆಲ್‌ಗಳಲ್ಲಿ ಅಲ್ಲ, ಅಕ್ಷರಗಳ ಲೆಕ್ಕದಲ್ಲಿ ಓದುತ್ತದೆ, ಮತ್ತು ಆ ಅಳತೆ ಇಂಗ್ಲಿಷ್‌ನ ಸಾಧಾರಣ ಅಕ್ಷರದ ಅಗಲಕ್ಕೆ ಸರಿಹೊಂದುವಂಥದ್ದು. ಪೈಥಾನ್‌ನಲ್ಲಿ ಪದದ ಉದ್ದ ಎಣಿಸಿಯೂ ಪ್ರಯೋಜನವಿಲ್ಲ: ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಕ್ಷಿ’ ಅದರ ಲೆಕ್ಕದಲ್ಲಿ ನಾಲ್ಕು, ಏಕೆಂದರೆ ಕಕಾರ, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ (್), ಷಕಾರ ಮತ್ತು ಇಕಾರದ ಗುಣಿತ ಬೇರೆಬೇರೆ ಸಂಕೇತಗಳು. ಘಟಕಗಳನ್ನು ಅಡ್ಡಸಾಲು ಕಂಬಸಾಲುಗಳಲ್ಲಿ ಜೋಡಿಸುವ ಗ್ರಿಡ್ ಬಳಸಿ, ಲೇಬಲ್‌ಗಳನ್ನು ಮೊದಲ ಕಂಬಸಾಲಿನಲ್ಲಿ ಎಡಕ್ಕೆ ಅಂಟಿಸಿ, ಎರಡನೆಯ ಕಂಬಸಾಲಿಗೆ ಮಾತ್ರ ಹಿಗ್ಗುವ ತೂಕ ಕೊಟ್ಟರೆ, ಅತಿ ಉದ್ದದ ಲೇಬಲ್‌ಗೆ ತಕ್ಕಂತೆ ಉಳಿದವೆಲ್ಲ ತಾವಾಗಿ ಸಾಲಾಗುತ್ತವೆ.

ಒಂದೇ ಫ್ರೇಮಿನೊಳಗೆ ಗ್ರಿಡ್ ಮತ್ತು ಜೋಡಣೆಯ ಇನ್ನೊಂದು ವಿಧಾನವಾದ ಪ್ಯಾಕ್ ಎರಡನ್ನೂ ಬೆರೆಸಬಾರದು. ಟಿಕೆ 8.6ರಲ್ಲಿ ಹಾಗೆ ಮಾಡಿದರೆ ಸ್ಪಷ್ಟವಾದ ದೋಷ ಬರುತ್ತದೆ. ಅದಕ್ಕಿಂತ ಹಳೆಯ ಆವೃತ್ತಿಗಳಲ್ಲಿ ತಂತ್ರಾಂಶ ಸುಮ್ಮನೆ ಸ್ತಬ್ಧವಾಗುತ್ತಿತ್ತು.

ಆಯ್ಕೆಗಳು ಹೆಚ್ಚಾಗಿ ಪರದೆ ಮೀರುತ್ತಿವೆ. ಸ್ಕ್ರೋಲ್ ಮಾಡುವಂತೆ ಇಡಬಹುದೇ?

ಟಿಕೆಯಲ್ಲಿ ತಾನಾಗಿ ಸ್ಕ್ರೋಲ್ ಆಗುವ ಫ್ರೇಮ್ ಇಲ್ಲ. ಕ್ಯಾನ್ವಾಸ್‌ನೊಳಗೆ ಫ್ರೇಮ್ ಇಟ್ಟು ಆ ಪರಿಣಾಮವನ್ನು ಸಾಧಿಸಬೇಕಾಗುತ್ತದೆ. ಅದಕ್ಕಿಂತ ನೋಟ್‌ಬುಕ್ ಎಂಬ ಘಟಕ ಬಳಸಿ ‘ಸಾಮಾನ್ಯ’, ‘ಪರಿವರ್ತನೆ’, ‘ತೋರಿಕೆ’ ಎಂಬಂತೆ ಟ್ಯಾಬ್‌ಗಳಾಗಿ ಹಂಚುವುದು ಒಳ್ಳೆಯದು. ಪೈಥಾನ್‌ನೊಂದಿಗೇ ಬರುವ ಐಡಲ್ ಸಂಪಾದಕವೂ ಟಿಕಿಂಟರ್‌ನಲ್ಲೇ ಬರೆದದ್ದು, ಅದರ ಸೆಟ್ಟಿಂಗ್ಸ್ ವಿಂಡೋ ಇದೇ ಮಾದರಿಯದು. ‘ಕಾನ್ಫಿಗ್‌ಡೈಲಾಗ್’ ಎಂಬ ಅದರ ಮೂಲ ಕಡತ ನಿಮ್ಮ ಕಂಪ್ಯೂಟರ್‌ನಲ್ಲಿ ಈಗಾಗಲೇ ಇರುವ ಸಾಧ್ಯತೆ ಹೆಚ್ಚು, ಬಿಡುವಾದಾಗ ಓದಬಹುದು.

ಸ್ಕ್ರೋಲ್ ಬೇಕೇಬೇಕೆಂದರೆ ಒಂದು ಅಪಾಯವನ್ನು ಬಲ್ಲವರಾಗಿರಿ. ಟಿಟಿಕೆಯ ಕಾಂಬೊಬಾಕ್ಸ್ (ಪಟ್ಟಿಯಿಂದ ಆರಿಸುವ ಪೆಟ್ಟಿಗೆ) ಮತ್ತು ಸ್ಪಿನ್‌ಬಾಕ್ಸ್ (ಬೆಲೆಯನ್ನು ಏರಿಳಿಸುವ ಪೆಟ್ಟಿಗೆ) ಇವುಗಳ ಮೇಲೆ ಮೌಸ್ ಇದ್ದಾಗ ಚಕ್ರ ತಿರುಗಿಸಿದರೆ ಅವುಗಳ ಬೆಲೆಯೇ ಬದಲಾಗುತ್ತದೆ. ಕೆಳಗಿನ ಆಯ್ಕೆ ನೋಡಲು ಚಕ್ರ ತಿರುಗಿಸಿದವರು ತಿಳಿಯದೆಯೇ ಮೇಲಿನ ಆಯ್ಕೆಯನ್ನು ಬದಲಿಸಿ, ‘ಸರಿ’ ಒತ್ತಿ ಹೋಗಿರುತ್ತಾರೆ. ಆ ಘಟಕಗಳಲ್ಲಿ ಚಕ್ರದ ಘಟನೆಯನ್ನು ಬೈಂಡ್ ಮಾಡಿ ‘ಬ್ರೇಕ್’ ಎಂದು ಹಿಂತಿರುಗಿಸಿ ತಡೆಯಬೇಕು.

ಅಕ್ಷರದ ಗಾತ್ರದ ಪೆಟ್ಟಿಗೆಯಲ್ಲಿ ಯಾರೋ ೧೪ ಎಂದು ಕನ್ನಡ ಅಂಕಿಯಲ್ಲಿ ಬರೆದರು, ತಂತ್ರಾಂಶ ದೋಷ ತೋರಿಸಿತು. ಅಂಕಿಗಳನ್ನು ಪರೀಕ್ಷಿಸುವ ಸರಿಯಾದ ಕ್ರಮ ಯಾವುದು?

ಸ್ವಾರಸ್ಯವಾದ ವಿಷಯವೆಂದರೆ ಪೈಥಾನ್‌ಗೆ ಕನ್ನಡ ಅಂಕಿಗಳು ಗೊತ್ತು: ೧೪ ಎಂಬ ಪಠ್ಯವನ್ನು ‘ಇಂಟ್’ಗೆ ಕೊಟ್ಟರೆ 14 ಎಂಬ ಸಂಖ್ಯೆಯೇ ಬರುತ್ತದೆ. ಗೊತ್ತಿಲ್ಲದಿರುವುದು ಟಿಸಿಎಲ್‌ಗೆ. ಇಂಟ್‌ವಾರ್ ಬಳಸಿದಾಗ ಪಠ್ಯವನ್ನು ಸಂಖ್ಯೆಯಾಗಿಸುವ ಕೆಲಸ ಟಿಸಿಎಲ್ ಬದಿಯಲ್ಲಿ ನಡೆಯುವುದರಿಂದ ದೋಷ ಬರುತ್ತದೆ. ಪೆಟ್ಟಿಗೆ ಖಾಲಿಯಿದ್ದರೂ ಅದೇ ದೋಷ. ಆದ್ದರಿಂದ ಬರೆಯುವ ಪೆಟ್ಟಿಗೆಗಳಿಗೆಲ್ಲ ಸ್ಟ್ರಿಂಗ್‌ವಾರ್ ಕಟ್ಟಿ, ‘ಸರಿ’ ಒತ್ತಿದಾಗ ನೀವೇ ‘ಇಂಟ್’ನಿಂದ ಪರಿವರ್ತಿಸಿ, ಆಗದಿದ್ದರೆ ಹಿಡಿದು ತಿಳಿಸಿ. ಕನ್ನಡದ ತಂತ್ರಾಂಶದಲ್ಲಿ ಕನ್ನಡ ಅಂಕಿ ಬರೆದವರಿಗೆ ತಪ್ಪೆಂದು ಹೇಳುವ ಮುಜುಗರವೂ ಇದರಿಂದ ತಪ್ಪುತ್ತದೆ.

ಒಂದೊಂದು ಕೀಲಿ ಒತ್ತಿದಾಗಲೂ ಪರೀಕ್ಷಿಸುವ ಸೌಲಭ್ಯ ಟಿಕೆಯಲ್ಲಿದೆ, ಆದರೆ ನಾನು ಅದನ್ನು ಬಿಟ್ಟಿದ್ದೇನೆ. ಗಾತ್ರ ಎಂಟರಿಂದ ಮೂವತ್ತರೊಳಗೆ ಇರಬೇಕೆಂದು ಕಡ್ಡಾಯ ಮಾಡಿದರೆ, 14 ಬರೆಯಲು ಮೊದಲು ಒತ್ತಬೇಕಾದ 1 ಎಂಬುದೇ ತಿರಸ್ಕೃತವಾಗುತ್ತದೆ. ಇದ್ದುದನ್ನು ಅಳಿಸಿ ಹೊಸದಾಗಿ ಬರೆಯಲೂ ಆಗುವುದಿಲ್ಲ, ಏಕೆಂದರೆ ಖಾಲಿ ಪೆಟ್ಟಿಗೆಯೂ ನಿಯಮಕ್ಕೆ ವಿರುದ್ಧ. ಬರೆದು ಮುಗಿಸಲು ಬಿಟ್ಟು, ಕೊನೆಯಲ್ಲಿ ಪರೀಕ್ಷಿಸಿ, ತಪ್ಪಿದ್ದ ಪೆಟ್ಟಿಗೆಗೇ ಕರ್ಸರ್ ಒಯ್ದು ನಿಲ್ಲಿಸುವುದು ಸೌಜನ್ಯ.

ಫೋಲ್ಡರ್ ಆರಿಸುವ ಸಂವಾದವನ್ನು ಹಾಗೆಯೇ ಮುಚ್ಚಿದರೆ ಮೊದಲಿದ್ದ ಫೋಲ್ಡರ್ ಅಳಿಸಿಹೋಗುತ್ತದೆ.

ಏನನ್ನೂ ಆರಿಸದೆ ಮುಚ್ಚಿದಾಗ ಆಸ್ಕ್‌ಡೈರೆಕ್ಟರಿ ಖಾಲಿ ಪಠ್ಯವನ್ನೂ, ಕೆಲವೊಮ್ಮೆ ಖಾಲಿ ಟ್ಯೂಪಲ್ ಅನ್ನೂ ಕೊಡುತ್ತದೆ. ಬಂದದ್ದು ಖಾಲಿಯಲ್ಲದಿದ್ದರೆ ಮಾತ್ರ ಚರಕ್ಕೆ ಬರೆಯಿರಿ. ಸಂವಾದವು ಸೆಟ್ಟಿಂಗ್ಸ್ ವಿಂಡೋದ ಹಿಂದೆ ಅಡಗಿಕೊಳ್ಳುತ್ತಿದ್ದರೆ ‘ಪೇರೆಂಟ್’ ಆಗಿ ಸೆಟ್ಟಿಂಗ್ಸ್ ವಿಂಡೋವನ್ನು ಕೊಡಿ.

‘ಬ್ಯಾಕಪ್ ಇಡು’ ಎಂಬುದಕ್ಕೆ ಟಿಕ್ ಇಲ್ಲದಿದ್ದಾಗ ಬ್ಯಾಕಪ್ ಫೋಲ್ಡರ್‌ನ ಪೆಟ್ಟಿಗೆ ಮಸುಕಾಗಬೇಕು. ಹೇಗೆ?

ಚರದ ಮೇಲೆ ಟ್ರೇಸ್‌ಆ್ಯಡ್‌ನಿಂದ ಕಣ್ಣಿಟ್ಟು, ಬದಲಾದಾಗಲೆಲ್ಲ ಪೆಟ್ಟಿಗೆಯ ಸ್ಥಿತಿಯನ್ನು ಬದಲಿಸುವ ಪುಟ್ಟ ಫಂಕ್ಷನ್ ಕರೆಯಿರಿ. ವಿಂಡೋ ತೆರೆದ ಕೂಡಲೇ ಅದನ್ನು ಒಮ್ಮೆ ನೀವೇ ಕರೆಯಬೇಕು, ಇಲ್ಲವಾದರೆ ಮೊದಲ ಸ್ಥಿತಿ ತಪ್ಪಾಗಿರುತ್ತದೆ. ಚರಗಳು ಕರಡಿಗಷ್ಟೇ ಸೇರಿದವಾಗಿದ್ದರೆ ವಿಂಡೋದೊಡನೆ ಅವೂ ಹೋಗುತ್ತವೆ. ಮುಖ್ಯ ತಂತ್ರಾಂಶದ ಚರಗಳಿಗೇ ಟ್ರೇಸ್ ಹಾಕಿದ್ದರೆ, ಮುಚ್ಚಿಹೋದ ವಿಂಡೋದ ಪೆಟ್ಟಿಗೆಯನ್ನು ಹುಡುಕಿಕೊಂಡು ಹೋಗಿ ದೋಷ ಕೊಡುತ್ತವೆ. ಮಸುಕು ಮಾಡಿ, ಮಾಯ ಮಾಡಬೇಡಿ: ಆಯ್ಕೆಯೊಂದು ಇದೆ ಎಂಬುದಾದರೂ ಕಾಣುತ್ತಿರಬೇಕು.

ಸೆಟ್ಟಿಂಗ್‌ಗಳನ್ನು ಎಲ್ಲಿ ಉಳಿಸಬೇಕು?

ಕೋಡ್ ಇರುವ ಫೋಲ್ಡರ್‌ನಲ್ಲಂತೂ ಅಲ್ಲ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಪರಿವರ್ತಕವನ್ನು, ಪೈಥಾನ್ ಕೋಡನ್ನು ನೇರವಾಗಿ ಓಡುವ ತಂತ್ರಾಂಶವಾಗಿಸುವ ಪೈಇನ್‌ಸ್ಟಾಲರ್‌ನ ಒಂದೇ ಕಡತದ ವಿಧಾನದಲ್ಲಿ ಕಟ್ಟಿ ಪರಿಚಿತರೊಬ್ಬರ ಡಿಟಿಪಿ ಕೇಂದ್ರಕ್ಕೆ ಕೊಟ್ಟೆ. ನನ್ನ ಕಂಪ್ಯೂಟರ್‌ನಲ್ಲಿ ಉಳಿಯುತ್ತಿದ್ದ ಸೆಟ್ಟಿಂಗ್‌ಗಳು ಅಲ್ಲಿ ಪ್ರತಿ ಬಾರಿ ಮುಚ್ಚಿ ತೆರೆದಾಗಲೂ ಮೂಲಸ್ಥಿತಿಗೆ ಬರುತ್ತಿದ್ದವು. ಆ ವಿಧಾನದಲ್ಲಿ ತಂತ್ರಾಂಶ ಓಡುವಾಗ ತನ್ನನ್ನು ಒಂದು ತಾತ್ಕಾಲಿಕ ಫೋಲ್ಡರ್‌ಗೆ ಬಿಚ್ಚಿಕೊಂಡು, ಮುಗಿದಾಗ ಆ ಫೋಲ್ಡರ್ ಅನ್ನೇ ಅಳಿಸುತ್ತದೆ. ಕೋಡ್‌ನ ಪಕ್ಕದಲ್ಲೇ ಉಳಿಸುತ್ತಿದ್ದ ನನ್ನ ಕಡತವೂ ಅದರೊಡನೆ ಹೋಗುತ್ತಿತ್ತು. ಪ್ರೋಗ್ರಾಂ ಫೈಲ್ಸ್‌ನೊಳಗೆ ಸ್ಥಾಪಿಸಿದರೂ ಸಾಮಾನ್ಯ ಬಳಕೆದಾರರಿಗೆ ಅಲ್ಲಿ ಬರೆಯುವ ಅನುಮತಿ ಇರುವುದಿಲ್ಲ.

ವಿಂಡೋಸ್‌ನಲ್ಲಿ ಆ್ಯಪ್‌ಡೇಟಾ ಎಂಬ ಪರಿಸರ ಚರ ತೋರಿಸುವ ಫೋಲ್ಡರ್, ಮ್ಯಾಕ್‌ನಲ್ಲಿ ಬಳಕೆದಾರರ ಲೈಬ್ರರಿಯೊಳಗಿನ ಅಪ್ಲಿಕೇಶನ್ ಸಪೋರ್ಟ್, ಲಿನಕ್ಸ್‌ನಲ್ಲಿ ಬೇರೆ ಸೂಚನೆಯಿಲ್ಲದಿದ್ದರೆ ಮನೆ ಫೋಲ್ಡರ್‌ನೊಳಗಿನ ಅಡಗಿದ ಕಾನ್ಫಿಗ್ ಫೋಲ್ಡರ್: ಇವು ಸರಿಯಾದ ಜಾಗಗಳು. ಅವುಗಳೊಳಗೆ ನಿಮ್ಮ ತಂತ್ರಾಂಶದ ಹೆಸರಿನ ಉಪಫೋಲ್ಡರ್ ಮಾಡಿಕೊಳ್ಳಿ.

ಯಾವ ರೂಪದಲ್ಲಿ ಉಳಿಸಬೇಕು: ಐಎನ್‌ಐ, ಜೇಸನ್, ಟಾಮಲ್?

ಮೂರೂ ಸೆಟ್ಟಿಂಗ್‌ಗಳನ್ನು ಪಠ್ಯ ಕಡತದಲ್ಲಿ ಬರೆದಿಡುವ ರೂಪಗಳು; ಜೇಸನ್ ಎಂದು ನನ್ನ ಉತ್ತರ. ಪೈಥಾನ್‌ನ ಕಾನ್ಫಿಗ್‌ಪಾರ್ಸರ್ ಮಾಡ್ಯೂಲ್ ಓದುವ ಐಎನ್‌ಐ ಕಡತದಲ್ಲಿ ಎಲ್ಲವೂ ಪಠ್ಯವೇ. ‘ಫಾಲ್ಸ್’ ಎಂಬ ಪಠ್ಯವನ್ನು ‘ಬೂಲ್’ಗೆ ಕೊಟ್ಟರೆ ಅದು ಖಾಲಿಯಲ್ಲದ ಪಠ್ಯವಾದ್ದರಿಂದ ‘ಟ್ರೂ’ ಎಂದೇ ಬರುತ್ತದೆ, ಇದರಿಂದ ಟಿಕ್ ತೆಗೆದರೂ ಮರಳಿ ಬರುತ್ತದೆಂದು ದೂರುವವರು ಬಹಳ. ಗೆಟ್‌ಬೂಲಿಯನ್ ಎಂಬ ಪ್ರತ್ಯೇಕ ವಿಧಾನವನ್ನು ಬಳಸಬೇಕು. ಬೆಲೆಯಲ್ಲಿ ಶೇಕಡಾ ಚಿಹ್ನೆ ಬಂದರೂ ಅದು ತಕರಾರು ತೆಗೆಯುತ್ತದೆ. ಟಾಮಲ್ ಅನ್ನು ಓದುವ ಸೌಲಭ್ಯ ಪೈಥಾನ್ 3.11ರಿಂದ ಒಳಗೇ ಇದೆ, ಆದರೆ ಅದು ಬರೆಯುವುದಿಲ್ಲ.

ಜೇಸನ್ ಬರೆಯುವಾಗ ಪೈಥಾನ್ ತಾನಾಗಿ ಕನ್ನಡ ಅಕ್ಷರಗಳನ್ನೆಲ್ಲ ಸಂಕೇತ ಸಂಖ್ಯೆಗಳಾಗಿಸುತ್ತದೆ. ಕಡತವನ್ನು ತೆರೆದು ಓದುವಂತಿರಬೇಕಾದರೆ ‘ಎನ್ಶೂರ್ ಆಸ್ಕಿ’ ಎಂಬುದನ್ನು ‘ಫಾಲ್ಸ್’ ಮಾಡಬೇಕು. ಹಾಗೆ ಮಾಡಿದವರು ಕಡತ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಹೇಳುವುದನ್ನು ಮರೆತರೆ, ವಿಂಡೋಸ್ ತನ್ನ ಹಳೆಯ ಅಕ್ಷರಪಟ್ಟಿಯನ್ನು ಬಳಸಲು ಹೋಗಿ ನಡುವೆ ನಿಲ್ಲುತ್ತದೆ, ಮತ್ತು ಅಷ್ಟರಲ್ಲಿ ಹಳೆಯ ಕಡತ ಬರಿದಾಗಿರುತ್ತದೆ.

ಬರೆಯುತ್ತಿರುವಾಗಲೇ ಕರೆಂಟ್ ಹೋದರೆ? ಮುಂದಿನ ಆವೃತ್ತಿಯಲ್ಲಿ ಹೊಸ ಆಯ್ಕೆ ಸೇರಿಸಿದರೆ?

ಮೊದಲನೆಯದಕ್ಕೆ: ನೇರವಾಗಿ ಹಳೆಯ ಕಡತದ ಮೇಲೆ ಬರೆಯದೆ, ಅದೇ ಫೋಲ್ಡರ್‌ನಲ್ಲಿ ತಾತ್ಕಾಲಿಕ ಕಡತವೊಂದಕ್ಕೆ ಪೂರ್ತಿ ಬರೆದು ಮುಚ್ಚಿ, ಆಮೇಲೆ ಓಎಸ್ ಮಾಡ್ಯೂಲಿನ ರಿಪ್ಲೇಸ್‌ನಿಂದ ಹಳೆಯದರ ಜಾಗಕ್ಕೆ ತನ್ನಿ. ಮೇಲಿನ ಪ್ರಶ್ನೆಯ ಬರಿದಾದ ಕಡತದ ತೊಂದರೆಗೂ ಇದೇ ರಕ್ಷೆ. ಎರಡನೆಯದಕ್ಕೆ: ಓದುವಾಗ ಮೂಲ ಬೆಲೆಗಳ ಡಿಕ್ಷನರಿಯ ನಕಲು ಮಾಡಿ, ಕಡತದಲ್ಲಿ ಇರುವುದನ್ನು ಅದರ ಮೇಲೆ ಹೊದಿಸಿದರೆ, ಕಡತದಲ್ಲಿಲ್ಲದ ಹೊಸ ಆಯ್ಕೆ ತನ್ನ ಮೂಲ ಬೆಲೆಯನ್ನೇ ಪಡೆಯುತ್ತದೆ. ಕಡತವನ್ನು ಓದಲಾಗದಿದ್ದರೆ ತಂತ್ರಾಂಶ ನಿಲ್ಲಬಾರದು. ಹಾಳಾದ ಕಡತಕ್ಕೆ ಬೇರೆ ಹೆಸರಿಟ್ಟು ಪಕ್ಕಕ್ಕಿರಿಸಿ, ಮೂಲ ಬೆಲೆಗಳಿಂದ ಮುಂದುವರಿಯಲಿ.

ಐಡಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಳಕೆದಾರರು ಬದಲಿಸಿದವನ್ನು ಮಾತ್ರ ಅವರ ಕಡತದಲ್ಲಿ ಇಡುತ್ತದೆ. ಇದರಿಂದ ಮೂಲ ಬೆಲೆಯೊಂದನ್ನು ನೀವು ಮುಂದೆ ಸುಧಾರಿಸಿದಾಗ, ಅದನ್ನು ಮುಟ್ಟದವರಿಗೆಲ್ಲ ಸುಧಾರಣೆ ತಲುಪುತ್ತದೆ. ‘ಮೂಲಸ್ಥಿತಿಗೆ ತಾ’ ಎಂಬ ಗುಂಡಿಯೂ ಸುಲಭವಾಗುತ್ತದೆ. ಆದರೆ ಆ ಗುಂಡಿ ಕರಡನ್ನಷ್ಟೇ ಬದಲಿಸಬೇಕು, ಕಡತವನ್ನಲ್ಲ, ಕೈತಪ್ಪಿ ಒತ್ತಿದವರಿಗೆ ‘ರದ್ದು’ ಇನ್ನೂ ಉಳಿದಿರುವಂತೆ.

ಅಕ್ಷರದ ಗಾತ್ರ ಬದಲಿಸಿದರೆ ತಂತ್ರಾಂಶವನ್ನು ಮುಚ್ಚಿ ತೆರೆಯಬೇಕೇ?

ಬೇಡ. ಟಿಕೆಯಲ್ಲಿ ಹೆಸರಿಟ್ಟ ಫಾಂಟ್‌ಗಳಿವೆ. ನೇಮ್‌ಟುಫಾಂಟ್‌ನಿಂದ ಡೀಫಾಲ್ಟ್ ಫಾಂಟ್ ಅನ್ನೂ ಪೆಟ್ಟಿಗೆಗಳ ಟೆಕ್ಸ್ಟ್ ಫಾಂಟ್ ಅನ್ನೂ ಹಿಡಿದು ಗಾತ್ರ ಬದಲಿಸಿದರೆ, ಅವುಗಳನ್ನು ಬಳಸುವ ಎಲ್ಲ ಘಟಕಗಳೂ ಆ ಕ್ಷಣವೇ ಬದಲಾಗುತ್ತವೆ. ಟ್ರೀವ್ಯೂ (ಪಟ್ಟಿ ತೋರಿಸುವ ಘಟಕ) ಒಂದರ ಸಾಲಿನ ಎತ್ತರ ಮಾತ್ರ ಫಾಂಟ್‌ನೊಡನೆ ಬೆಳೆಯುವುದಿಲ್ಲ; ಒತ್ತಕ್ಷರಗಳ ಕೆಳಭಾಗ ಕತ್ತರಿಸಿದಂತೆ ಕಂಡರೆ ಸ್ಟೈಲ್‌ನಲ್ಲಿ ಎತ್ತರವನ್ನೂ ಹೆಚ್ಚಿಸಿ.

ಲಿನಕ್ಸ್‌ನಲ್ಲಿ ಕನ್ನಡ ಲೇಬಲ್‌ಗಳು ಒಡೆದು ಕಾಣುತ್ತವೆ. ಫಾಂಟ್ ಬದಲಿಸಿದರೆ ಸರಿಹೋಗುತ್ತದೆಯೇ?

ಇಲ್ಲ. ಗುಣಿತಾಕ್ಷರ ಒತ್ತಕ್ಷರಗಳನ್ನು ಸರಿಯಾದ ಜಾಗಕ್ಕೆ ಜೋಡಿಸುವ ಕೆಲಸವನ್ನು ವಿಂಡೋಸ್ ಮತ್ತು ಮ್ಯಾಕ್‌ಗಳಲ್ಲಿ ಆಯಾ ಕಾರ್ಯಾಚರಣಾ ವ್ಯವಸ್ಥೆಯೇ ಮಾಡಿಕೊಡುತ್ತದೆ. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಫಾಂಟ್ ಇರುವುದರಿಂದ ಬೇರೆ ಸಿದ್ಧತೆಯೂ ಬೇಡ. ಲಿನಕ್ಸ್‌ನಲ್ಲಿ ಟಿಕೆ 8.6 ಅಕ್ಷರಗಳನ್ನು ಒಂದರ ಪಕ್ಕ ಒಂದರಂತೆ ಇಟ್ಟುಬಿಡುತ್ತದೆ, ಆದ್ದರಿಂದ ನೋಟೊ ಸಾನ್ಸ್ ಕನ್ನಡದಂಥ ಒಳ್ಳೆಯ ಫಾಂಟ್ ಹಾಕಿದರೂ ವಿರಾಮ ಚಿಹ್ನೆಗಳು (್) ಬಿಡಿಬಿಡಿಯಾಗಿಯೇ ಕಾಣುತ್ತವೆ. ನಿಮ್ಮ ಬಳಕೆದಾರರಲ್ಲಿ ಲಿನಕ್ಸ್‌ನವರು ಗಣನೀಯವಾಗಿದ್ದರೆ, ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ಲೈಬ್ರರಿ ಬಳಸುವ ಕ್ಯೂಟಿ ಪರಿಕರಕ್ಕೆ ಹೋಗುವುದೇ ದಾರಿ. ಮೊದಲೇ ಡಿಕ್ಷನರಿಯನ್ನು ವಿಂಡೋದಿಂದ ಬೇರ್ಪಡಿಸಿ ಇಟ್ಟಿದ್ದರೆ, ಹೊಸದಾಗಿ ಬರೆಯಬೇಕಾಗುವುದು ಬಾಗಿಲನ್ನು ಮಾತ್ರ.